ವಿದೇಶಿ ಅಜ್ಜಿ

ಇವತ್ತು ನಮ್ಮನೆಗೆ ಪೊಲೀಸ್ ದಫೇದಾರರು ಬಂದಿದ್ರು ಮಾರಾಯ್ರೆ. ಭದ್ರಾವತಿಯಲ್ಲಿ ಫಿಟರ್ ಆಗಿರುವ ನಮ್ಮ ಲಾರೆನ್ಸಣ್ಣನಿಗೆ ಸರ್ಕಾರದ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ ಸಿಗೋದ್ರಲ್ಲಿದೆ. ಅದಕ್ಕೆ ಮೊದಲು ಮನೆತನದ ವಿಚಾರಣೆ.

ನಮ್ಮಜ್ಜಿ ಇರೋದು ಗೋವಾದಲ್ಲಿ. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದೆ. ಹಾಗಾಗಿ ಕೋಳಿ ಸಾಕಿಕೊಂಡಿರೋ ನಮ್ಮಜ್ಜಿ ವಿದೇಶಿ! ಹೊರದೇಶದ ನಂಟಿದ್ರೆ ಕೆಲಸ ತಪ್ಪುತ್ತೆ ಅಂತ ಹೆದರಿ, "ತೀರಿಕೊಂಡ್ರು ಅಂದ್ಬಿಡಮ್ಮ" ಅಂತ ಅಣ್ಣ ಅಮ್ಮನಿಗೆ ಬೆಳಿಗ್ಗೆಯೇ ಹೇಳಿಕೊಟ್ಟಿದ್ದ.

"ಹೊರದೇಶದಲ್ಲಿ ನಿಮ್ಮೋರು ಯಾರಾದ್ರೂ ಇದಾರಾ ತಾಯಿ?" ಅಂತ ದಫೇದಾರರು ಕೇಳಿದರು.

"ನಮ್ಮಮ್ಮ ಗೋವಾದಲ್ಲಿದ್ರು. ತೀರಿಕೊಂಡ್ರು" ಅಂದಳು ಅಮ್ಮ.

ಪಾಪ, ಅವರು ಟೋಪಿ ತೆಗೆದು ಎದ್ದು ನಿಂತರು. ಅಷ್ಟು ಸಾಕಾಯ್ತು. ಅಮ್ಮ ಸೆರಗಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತಳು. "ಇಲ್ಲ ಸ್ವಾಮಿ, ಬದುಕಿದಾರೆ! ಗಟ್ಟಿಮುಟ್ಟಾಗಿದಾರೆ!"

ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ.

"ಸದ್ಯ, ಇದಾರಲ್ಲ!" ಅಂತ ದಫೇದಾರರು ಕೂತು ಕಾಫಿ ಕುಡಿದರು. ಹೊರಡುವಾಗ ಮೆಲ್ಲಗೆ, "ಇದನ್ನ ಬರೀಲೇಬೇಕು ತಾಯಿ. ಮೇಲಿನವರು ಏನಂತಾರೋ" ಅಂದರು.

ಕೆಲಸ ಏನಾಗುತ್ತೋ ಗೊತ್ತಿಲ್ಲ. ಆದ್ರೆ ಸಂಜೆ ಅಮ್ಮ ಅಜ್ಜಿಯ ಆಯುಷ್ಯಕ್ಕೆ ಪ್ರಾರ್ಥನೆ ಮಾಡಿದಾಗ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದಿದ್ದು ಅಣ್ಣನೇ. ಬೆಳಿಗ್ಗೆ ಅಜ್ಜೀನ ಕೊಂದವನು ಅವನೇ ಅಲ್ವಾ!