ಹುಲಿಯ ಕಾಲು ಏಳಲಿಲ್ಲ

"ಇಲ್ಲಿನ ಬ್ಯಾಂಡ್‌ಗಳದ್ದು ಬರೀ ಗಲಾಟೆ, ತಾಳ ಅನ್ನೋದೇ ಇಲ್ಲ," ಎಂದು ಊರೂರು ಸುತ್ತುವ ರಾಕ್ ತಂಡದ ಡ್ರಮ್ಮರ್ ಮೂಡುಬಿದಿರೆಯ ವೇದಿಕೆಯಲ್ಲಿ ಮೈಕ್ ಹಿಡಿದು ಹೇಳಿದರು. ಐವತ್ತು ವರ್ಷ ಹುಲಿವೇಷಕ್ಕೆ ತಾಸೆ ಎಂಬ ಚರ್ಮವಾದ್ಯ ಬಾರಿಸಿದ ನಾನು ಕೆಳಗೆ ತೆಂಗಿನ ಗರಿಯ ಬೆಂಕಿಗೆ ತಾಸೆಯ ಚರ್ಮ ಬಿಗಿಯಾಗಲೆಂದು ಕಾಯಿಸುತ್ತಿದ್ದೆ. "ನೋಡಿ, ತಾತ ಅಡುಗೆ ಮಾಡ್ತಿದ್ದಾರೆ," ಎಂದೂ ಸೇರಿಸಿದರು. ಸಭೆ ನಕ್ಕಿತು.

ನಾನು ವೇದಿಕೆ ಹತ್ತಿ ತಾಸೆಯನ್ನು ಅವರ ಕೊರಳಿಗೆ ಹಾಕಿದೆ. "ಬಾರಿಸಿ. ನಮ್ಮ ಹುಲಿ ಕುಣಿಯುತ್ತದಾ ನೋಡುವ."

ಅವರ ಕೈಚಳಕ ಮೆಚ್ಚತಕ್ಕದ್ದೇ. ಆದರೆ ಬಂಟ್ವಾಳದ ನಮ್ಮ ಹುಲಿವೇಷಧಾರಿ ಸೊಂಟಕ್ಕೆ ಕೈಯಿಟ್ಟು ನಿಂತೇ ಇದ್ದ. "ಎಂಥ ಮಾಡುವುದು ಮಾರಾಯ್ರೇ, ಕಾಲು ಏಳುವುದೇ ಇಲ್ಲ!" ಎಂದ. ಡ್ರಮ್ಮರ್ ಅವನ ಪಾದವನ್ನು ಒಮ್ಮೆಯೂ ನೋಡಿರಲಿಲ್ಲ. ನಾನು ತಾಸೆ ಮರಳಿ ಪಡೆದು, ಪಾದ ನೋಡಿ ನಾಲ್ಕು ಪೆಟ್ಟು ಕೊಟ್ಟೆ. ಹುಲಿ ನೆಗೆಯಿತು.

ಕಾರ್ಯಕ್ರಮ ಮುಗಿದ ಮೇಲೆ ಅವರು ನನ್ನ ಕಿವಿಯ ಬಳಿ ಬಾಗಿ, "ಸಾರಿ ತಾತ, ನನಗೂ ಕಲಿಸ್ತೀರಾ?" ಎಂದು ಕೇಳಿದರು.

"ಕಲಿಸ್ತೇನೆ. ಮೊದಲು ಆ ಸಾರಿಯನ್ನು ಮೈಕಿನಲ್ಲಿ ಹೇಳಿ," ಎಂದೆ. ಅವರು ನಕ್ಕು ವ್ಯಾನ್ ಹತ್ತಿದರು.

ಈ ಕಡೆ ಮತ್ತೆ ಬಂದರೆ ಕಲಿಸಲು ನಾನು ಇಂದಿಗೂ ಸಿದ್ಧ. ಷರತ್ತು ಮಾತ್ರ ಬದಲಾಗಿಲ್ಲ.