ಅಂಟೊಬ್ರೆಯ ಹೆಗಲು, ಕೋಳಿಯ ಕಾಲು

ಅಂಟೊಬ್ರೆಯನ್ನು ನಾನು ಮೊದಲು ಕಂಡದ್ದು ಘಾನಾದ ಕುಮಾಸಿಯ ನನ್ನ ಊಟದಂಗಡಿಯ ಹಿತ್ತಲಲ್ಲಿ. ಹೆಸರು ಹೇಳುವ ಮೊದಲೇ, "ನನ್ನ ಹಾಗೆ ಫುಫು ಕುಟ್ಟೋನು ಈ ಊರಲ್ಲಿಲ್ಲ ಅಮ್ಮ" ಎಂದ. ಒನಕೆ ಕೊಟ್ಟೆ. ಅದೊಂದು ಮಾತು ಮಾತ್ರ ಸುಳ್ಳಾಗಲಿಲ್ಲ. ಅಂದಿನಿಂದ ಬೆಂದ ಮರಗೆಣಸು, ಬಾಳೆಕಾಯಿಯನ್ನು ಒರಳಲ್ಲಿ ಅವನು ಕುಟ್ಟುವುದು, ಪೆಟ್ಟಿಗೂ ಪೆಟ್ಟಿಗೂ ನಡುವೆ ನಾನು ಒದ್ದೆ ಕೈ ಹಾಕಿ ಫುಫು ಮುದ್ದೆ ಮಗುಚುವುದು. ನನ್ನ ಬೆರಳು ಇವತ್ತಿಗೂ ಹತ್ತೇ ಇವೆ. ಅದು ಅವನ ಹೆಗಲಿನ ಪುಣ್ಯ.

ಆ ಹೆಗಲು ಒನಕೆ ಎತ್ತಿ ಕೆಡಲಿಲ್ಲ. ಐವತ್ತು ದಾಟಿದ ಈ ಮಹಾವೀರ, ನಿಂತಿದ್ದ ಮೋಟಾರ್ ಸೈಕಲ್ ಮೇಲೆ ಕೂತು ಹೆಂಗಸರತ್ತ ಕೈ ಬೀಸುತ್ತ ಬಿದ್ದ.

ಮೂಳೆ ಕೂಡಿಸುವ ಮುದುಕ ಹೆಗಲು ಕೂರಿಸಿ ಕಟ್ಟಿದ. ಪದ್ಧತಿಯಂತೆ ಒಂದು ಕೋಳಿಯ ಕಾಲು ಮುರಿದು ಅದಕ್ಕೂ ಪಟ್ಟಿ ಸುತ್ತಿದ. "ಇದು ನಡೆದಾಗ ನಿನ್ನ ಕೈ ಏಳ್ತದೆ. ಅಲ್ಲೀತನಕ ಅಂಗಾತ ಮಲಗಬೇಡ. ದಿಂಬಿಗೆ ಒರಗಿ ಅರ್ಧ ಕೂತೇ ಮಲಗು. ಮೊಣಕೈ ಕೆಳಗೆ ಬಟ್ಟೆ ಮಡಚಿಡು."

"ನಮ್ಮಲ್ಲಿ ಒರಗಿಸಿ ಕೂರಿಸೋದು ಹೆಣಾನ, ಬಂದೋರು ನೋಡ್ಲಿ ಅಂತ," ಎಂದು ಅಂಟೊಬ್ರೆ ಅಂಗಾತವೇ ಮಲಗಿದ. ವಠಾರವೆಲ್ಲ ಎಚ್ಚರವಿರುವಂತೆ ನರಳಿದ. ಕೋಳಿಗೆ ಬುದ್ಧಿಯಿತ್ತು, ಬುಟ್ಟಿಯಲ್ಲಿ ಕೂರಿಸಿದ ಹಾಗೆ ಕೂತಿತು.

ಅಷ್ಟರಲ್ಲಿ ಪಕ್ಕದ ಅಂಗಡಿಯವಳು ಫುಫು ಕುಟ್ಟುವ ಯಂತ್ರ ತಂದಳು. "ನಿನ್ನ ಕೈ ಏಳದಿದ್ರೆ ನಾನೂ ತರ್ತೀನಿ. ಯಂತ್ರಕ್ಕೆ ಮೋಟಾರ್ ಸೈಕಲ್ ಹತ್ತೋ ಚಟ ಇಲ್ಲ," ಎಂದೆ. ಅವನ ಮುಖ ಸಣ್ಣದಾಯಿತು. ಒನಕೆ ಬಿಟ್ಟರೆ ಅವನಿಗೆ ಬೇರೆ ಕಸುಬು ಬಾರದು. "ಹೆಣ ಗೊರಕೆ ಹೊಡೆಯಲ್ಲ ಕಣೋ. ನೀನು ಹೊಡಿ, ಯಾರೂ ತಪ್ಪು ತಿಳಿಯಲ್ಲ," ಎಂದು ದಿಂಬು ಒಟ್ಟಿ ಒರಗಿಸಿ, ಬಿಳಿ ಬಟ್ಟೆ ಹೊದಿಸಿದೆ. ನೋವಿಲ್ಲದ ನಿದ್ದೆ ಬಂತು. ಅವತ್ತೇ ಗೊರಕೆ ಮರೆತ.

ಆ ಮಧ್ಯಾಹ್ನವೇ ಹಳ್ಳಿಯಿಂದ ಅವನ ದೊಡ್ಡಮ್ಮ ಸೆರ್ವಾ ಅವನನ್ನು ನೋಡಲು ಬಂದಳು. ಬಾಗಿಲಲ್ಲೇ ಎರಡೂ ಕೈ ತಲೆಯ ಮೇಲೆ ಹೊತ್ತು ಹಾಡಿ ಅತ್ತಳು: "ದೊಡ್ಡ ಮರ ಬಿತ್ತಲ್ಲಪ್ಪೋ..." ಅಂಟೊಬ್ರೆಗೆ ಎಚ್ಚರವಾಯಿತು. ಹೊಗಳಿಕೆ ಮುಗಿಯಲಿ ಎಂದು ಕಣ್ಣು ಬಿಡಲಿಲ್ಲ.

"ಸುಳ್ಳುಬುರುಕ ಆದ್ರೂ ಒಳ್ಳೇವ್ನಾಗಿದ್ದೆ..."

ಒಂದು ಕಣ್ಣು ತೆರೆದ. "ಸುಳ್ಳುಬುರುಕ ಅಂದ್ಯಾ ದೊಡ್ಡಮ್ಮ?"

ಅವಳಿಗೆ ನೀರು ಚಿಮುಕಿಸಿ ಎಬ್ಬಿಸುವಷ್ಟರಲ್ಲಿ ನನಗೆ ಸಾಕಾಯಿತು. ಅಂದಿನಿಂದ ಅವನಿಗೆ ಒರಗಿ ಮಲಗುವುದೇ ರುಚಿಸಿತು; ಇನ್ಯಾರು ಅಳಲು ಬರುತ್ತಾರೋ ಎಂಬ ಆಸೆ.

ಕೋಳಿ ಮೊದಲು ನಡೆಯಿತು. "ನಂದೂ ಆಯ್ತು," ಎಂದು ಒನಕೆಗೆ ಕೈ ಹಾಕಿದ. ಮುದುಕ ತಡೆದ. "ಕೋಳಿ ಫುಫು ಕುಟ್ಟಬೇಕಾಗಿಲ್ಲ ಮಗಾ."

ಮತ್ತೆ ದಿಂಬು, ಮತ್ತೆ ಮಡಚಿದ ಬಟ್ಟೆ. ಕೈ ಏಳಲೆಂದು ಹಗಲೆಲ್ಲ ಬೆರಳನ್ನು ಗೋಡೆಯ ಮೇಲೆ ಮೆಲ್ಲಗೆ ಹತ್ತಿಸುವುದು. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಒನಕೆ ಎತ್ತಿದ. ತಲೆಯ ಮೇಲಕ್ಕೆ ಹೋಯಿತು. ಹೆಗಲು ಸ್ವಲ್ಪ ನಡುಗಿತು. ಜಂಬದ ಮಾತು ಒಂದೂ ಬರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ನಾನು ಆಗಲೇ ಕೈ ಒದ್ದೆ ಮಾಡಿಕೊಂಡು ಒರಳಿನ ಪಕ್ಕ ಕೂತಿದ್ದೆ. ಅವನು ನನ್ನ ಬೆರಳು ನೋಡಿದ.

"ಕೈ ಇಡ್ತೀರಾ ಅಮ್ಮ?"