ಕೇಳದೆ ಕಟ್ಟಿದ ಬಿಲ್ಲು

ವಿಜಯಪುರದ ನಮ್ಮ ಓಣಿಯಲ್ಲಿ ನನ್ನ ಮನೆಯ ಗೋಡೆಗೆ ಹೊಂದಿಕೊಂಡೇ ಆಕೆಯ ಮನೆ. ಹೊನವಾಡದ ಕಡೆಯಿಂದ ಬಂದವರು. ಗಂಡ ತಿಕೋಟಾದ ಹತ್ತಿರ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಆಕೆ ಮನೆಯಲ್ಲೇ ರೊಟ್ಟಿ ಬಡಿದು ಒಂದು ಖಾನಾವಳಿಗೆ ಕೊಡುತ್ತಿದ್ದಳು. ಮಗಳನ್ನು ಬಬಲೇಶ್ವರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ನಾನು ಶಾಲೆಯ ಕೆಲಸದಿಂದ ನಿವೃತ್ತಳಾಗಿ ಮನೆಯಲ್ಲಿದ್ದವಳು. ನನಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವಳಾದರೂ ಆಕೆಯೊಂದಿಗೆ ನನ್ನ ಮಾತು ಮುಗಿಯುತ್ತಿರಲಿಲ್ಲ. ನನ್ನನ್ನು ‘ಯಕ್ಕಾ’ ಎಂದು ಏಕವಚನದಲ್ಲೇ ಕರೆಯುತ್ತಿದ್ದಳು. ಓಣಿಯ ಉಳಿದವರಿಗೆಲ್ಲ ನಾನು ಟೀಚರ್.

ಕಳೆದ ವರ್ಷ ಆಕೆಯ ಗಂಡ ಶೆಡ್ಡಿನ ಮೇಲಿನಿಂದ ಬಿದ್ದು ಕಾಲು ಮುರಿದುಕೊಂಡ. ಅದೇ ಹೊತ್ತಿಗೆ ಊರಲ್ಲಿದ್ದ ಅತ್ತೆಗೆ ಲಕ್ವಾ ಹೊಡೆಯಿತು. ಅತ್ತೆಯನ್ನೂ ಇಲ್ಲಿಗೇ ಕರೆದುಕೊಂಡು ಬಂದರು. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ನೀರು ಎಷ್ಟಿದ್ದರೂ ಸಾಲದು. ದಿನವೂ ಹಗ್ಗದ ತುಂಬ ಒಗೆದ ಚಾದರಗಳು. ಗಂಡನ ದುಡಿಮೆ ನಿಂತಿತ್ತು, ನೀರಿನ ಮೀಟರು ಓಡುತ್ತಲೇ ಇತ್ತು. ಬಿಲ್ಲು ಬಾಕಿ ಬೀಳುತ್ತ ಬಂದು, ಒಂದು ಮುಂಜಾನೆ ನೀರಿನ ಕಚೇರಿಯವರು ಆಕೆಯ ನಳ ಬಂದ್ ಮಾಡಿ ಹೋದರು.

ಇದನ್ನು ಆಕೆ ನನಗೆ ಹೇಳಲಿಲ್ಲ. ಓಣಿ ದಾಟಿ ಗುಡಿಯ ಹತ್ತಿರದ ಬೋರಿನಿಂದ ಕೊಡ ಹೊತ್ತು ತರುವುದನ್ನು ಕಂಡು ನಾನೇ ತಿಳಿದುಕೊಂಡೆ.

“ನಮ್ಮ ನಳಾ ಐತಲ್ಲ, ಯಾಕ ಅಷ್ಟ ದೂರ ಹೋಗ್ತಿ?” ಎಂದು ಕೇಳಿದೆ.

“ಇರ್ಲಿ ಬಿಡ ಯಕ್ಕಾ, ನಾಕ ದಿನದ ಮಾತು. ವ್ಯವಸ್ಥಾ ಮಾಡಾಕತ್ತೇನಿ,” ಎಂದಳು.

ಏನು ವ್ಯವಸ್ಥೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದ್ದರೆ ನನಗೆ ಮಾಡಲು ಏನೂ ಉಳಿಯುತ್ತಿರಲಿಲ್ಲವೇನೋ.

ಮರುದಿನ ಆಕೆ ಕೊಡ ಹೊತ್ತು ಹೋಗುತ್ತಿದ್ದಾಗ ನಮ್ಮ ಕಟ್ಟೆಯ ಮೇಲಿನಿಂದ ಫೋನಿನಲ್ಲಿ ಒಂದು ಫೋಟೋ ತೆಗೆದೆ. ಹಿಂದಿನಿಂದ ತೆಗೆದದ್ದು, ಮುಖ ಕಾಣುವುದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಹಸಿರು ಸೀರೆ, ಆ ನಡಿಗೆ ಓಣಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ‘ನಮ್ಮ ಓಣಿಯ ಹೆಣ್ಣುಮಗಳೊಬ್ಬಳ ಮನೆಗೆ ನೀರಿಲ್ಲ. ನೀರಿನ ಬಿಲ್ಲು ಕಟ್ಟಲು ಕೈಲಾದಷ್ಟು ಕೊಡಿ’ ಎಂದು ಬರೆದು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಸಂಜೆಯೊಳಗೆ ಬೇಕಾದಷ್ಟು ಕೂಡಿತು. ‘ಟೀಚರ್ ಮನಸ್ಸು ದೊಡ್ಡದು’ ಎಂದು ಯಾರೋ ಬರೆದಿದ್ದರು. ಅದನ್ನು ನಾನು ಮತ್ತೆ ಮತ್ತೆ ತೆರೆದು ಓದಿದೆ.

ಮುಂಜಾನೆ ನೀರಿನ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಮನೆ ಯಾವುದೆಂದು ಹೇಳಿದ ಕೂಡಲೇ ತಲೆ ಎತ್ತಿದಳು.

“ಟೀಚರ್, ಆ ಮನಿಯಾಕಿ ನಿನ್ನೆ ಬಂದು ಹೋಗ್ಯಾಳ್ರಿ. ಒಮ್ಮೆಲೇ ಕಟ್ಟಾಕ ಆಗಂಗಿಲ್ಲ, ಕಂತು ಮಾಡಿ ಕೊಡ್ರಿ ಅಂತ ಕೇಳ್ಯಾಳ. ಸಾಹೇಬ್ರು ಹೂಂ ಅಂದಾರ. ಸೋಮವಾರ ಮೊದಲ್ನೇ ಕಂತು ಕಟ್ಟಿದ್ರ ನಳಾ ಚಾಲೂ ಮಾಡ್ತೀವ್ರಿ.”

ನಾನು ಅಲ್ಲೇ ನಿಂತೆ. ಮನೆಗೆ ಹೋಗಿ ಆಕೆಯನ್ನೇ ಒಂದು ಮಾತು ಕೇಳಬಹುದಿತ್ತು. ಕೊಟ್ಟವರಿಗೆ ಹಣ ತಿರುಗಿ ಕೊಡಬಹುದಿತ್ತು. ಆದರೆ ಗುಂಪಿನಲ್ಲಿ ಎಲ್ಲರೂ ರಸೀದಿಗಾಗಿ ಕಾಯುತ್ತಿದ್ದರು. ನನ್ನ ದೊಡ್ಡ ಮನಸ್ಸನ್ನು ಅರ್ಧದಲ್ಲಿ ಬಿಟ್ಟು ಬರಲು ನನಗೆ ಆಗಲಿಲ್ಲ.

“ಪೂರ್ತಿ ಕಟ್ಟಸ್ಕೋ,” ಎಂದೆ.

ಅಂದೇ ಆಕೆಯ ನಳಕ್ಕೆ ನೀರು ಬಂತು. ನಾನು ಬಾಗಿಲು ತೆರೆದಿಟ್ಟುಕೊಂಡು ಕೂತೆ, ಈಗ ಬರುತ್ತಾಳೆ, ಆಗ ಬರುತ್ತಾಳೆ ಎಂದು. ಬಂದದ್ದು ಮರುದಿನ ಮಧ್ಯಾಹ್ನ. ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತಳು.

“ಟೀಚರ್ರ, ಬಬಲೇಶ್ವರದಿಂದ ಮಗಳು ಫೋನ್ ಮಾಡಿದ್ಳ್ರಿ,” ಎಂದಳು. ಮೊದಲ ಬಾರಿ ಆಕೆಯ ಬಾಯಲ್ಲಿ ನಾನು ಟೀಚರ್ ಆಗಿದ್ದೆ. “ಆಕಿ ಅತ್ತಿ ಫೋನಿನ್ಯಾಗ ನನ್ನ ಫೋಟೋ ಬಂದೈತಂತ. ಅವ್ವಾ, ನಮಗ ಒಂದ ಮಾತ ಹೇಳ್ದ ಓಣಿ ಮಂದಿ ಕಡೆ ಬೇಡಿದೇನ ಅಂತ ಅಳಾಕತ್ತಿದ್ಳು.”

“ಬೇಡಿದಾಕಿ ನೀನಲ್ಲ ತಂಗಿ, ನಾನು.”

“ಅದು ಫೋಟೋದಾಗ ಕಾಣಂಗಿಲ್ರಿ.”

ಆಕೆ ಮುಂದುವರಿಸಿದಳು. “ನಾ ಕಂತು ಮಾಡ್ಸಿದ್ದೆ. ಆಫೀಸಿನ್ಯಾಗ ಕೇಳಾಕ ನನಗ ನಾಚಿಕಿ ಆಗ್ಲಿಲ್ರಿ. ತ್ರಾಸಿನ್ಯಾಗ ಇದ್ದಾವ್ರಿಗೆಲ್ಲಾ ಕೊಡ್ತಾರ ಅದನ್ನ. ನಿಮಗ ಅಲ್ಲಿ ಯಾರೂ ಹೇಳ್ಲಿಲ್ಲೇನ್ರಿ?”

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. “ಹೇಳಿದ್ರು,” ಎಂದೆ.

ಯಾರ್ಯಾರು ಹಣ ಕೊಟ್ಟಿದ್ದಾರೆಂದು ಆಕೆ ಕೇಳಿದಳು. ಅವರ ಮುಂದೆ ಆಕೆ ಇನ್ನಷ್ಟು ಸಣ್ಣವಳಾಗುವುದು ಬೇಡ ಎಂದುಕೊಂಡು ನಾನು ಹೆಸರು ಹೇಳಲಿಲ್ಲ. “ಮಗಳ ಅತ್ತಿ ಜೋಡಿ ನಾ ಮಾತಾಡ್ಲೇನು? ತಪ್ಪು ನಂದು ಅಂತ ಹೇಳ್ತೀನಿ,” ಎಂದೆ.

“ಬ್ಯಾಡ್ರಿ. ಮತ್ತ ಮಾತು ದೊಡ್ಡದಾಗತೈತಿ.”

ಆಕೆ ಹೋದ ಮೇಲೆ ಫೋಟೋ ಅಳಿಸಿದೆ. ಬಬಲೇಶ್ವರಕ್ಕೆ ಹೋಗಿ ಮುಟ್ಟಿದ್ದನ್ನು ಅಳಿಸುವುದು ನನ್ನ ಕೈಯಲ್ಲಿರಲಿಲ್ಲ. ಆಕೆ ಬೇಡಿರಲಿಲ್ಲ, ತಾನೇ ಕಂತಿನ ವ್ಯವಸ್ಥೆ ಮಾಡಿಕೊಂಡಿದ್ದಳು ಎಂದು ಗುಂಪಿನಲ್ಲಿ ಬರೆದೆ. ಒಬ್ಬಿಬ್ಬರು ಕೈಮುಗಿಯುವ ಚಿತ್ರ ಹಾಕಿದರು. ಅಷ್ಟರಲ್ಲಿ ಯಾರದೋ ಹುಟ್ಟುಹಬ್ಬದ ಶುಭಾಶಯಗಳು ಬಂದು ನನ್ನ ಮಾತು ಎಲ್ಲೋ ಮೇಲಕ್ಕೆ ಹೋಯಿತು.

ಆಮೇಲಿನ ದಿನಗಳಲ್ಲಿ ಎದುರಾದಾಗ ಮಾತಾಡುತ್ತಿದ್ದಳು. “ಆರಾಮ ಅದೀರಿ?” “ಊಟ ಆತ್ರಿ?” ಒಂದು ಮಾತಿನಲ್ಲೂ ಮರ್ಯಾದೆ ಕಡಿಮೆ ಇರಲಿಲ್ಲ. ಆ ಮರ್ಯಾದೆಯೇ ನನಗೆ ಚುಚ್ಚುತ್ತಿತ್ತು. ಗಂಡ ಕೋಲು ಹಿಡಿದು ಅಂಗಳದಲ್ಲಿ ಅಡ್ಡಾಡಲು ಶುರು ಮಾಡಿದ್ದ. ಮತ್ತೊಂದು ಖಾನಾವಳಿಯಿಂದಲೂ ಆಕೆಗೆ ರೊಟ್ಟಿಯ ಕೆಲಸ ಸಿಕ್ಕಿತೆಂದು ಯಾರೋ ಹೇಳಿದರು.

ಒಂದು ರವಿವಾರ ಮುಂಜಾನೆ ಓಣಿಗೆಲ್ಲ ಬೆಲ್ಲ, ಹುರಿದ ಶೇಂಗಾದ ಘಮ. ಗುಂಪಿನಲ್ಲಿ ಒಬ್ಬರಾದ ಮೇಲೆ ಒಬ್ಬರು, ಎಂಥ ರುಚಿಯಾದ ಶೇಂಗಾ ಹೋಳಿಗೆ, ಏನು ವಿಶೇಷ ಎಂದು ಬರೆಯುತ್ತಿದ್ದರು. ಕೊನೆಗೆ ಆಕೆ ನಮ್ಮ ಮನೆಗೂ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಾಟು.

“ಏನ್ ಹಬ್ಬ ಇವತ್ತು?” ಎಂದೆ.

“ಹಬ್ಬ ಏನಿಲ್ರಿ. ಯಾರು ಕೊಟ್ಟಾರ, ಯಾರು ಕೊಟ್ಟಿಲ್ಲ ನನಗೇನ ಗೊತ್ತು? ಅದಕ್ಕ ಎಲ್ಲಾರ ಮನಿಗೂ ಕೊಟ್ಟ ಬಂದೆ. ಇನ್ನ ಓಣ್ಯಾಗ ಮಾರಿ ಎತ್ತಿ ಅಡ್ಡಾಡ್ತೀನ್ರಿ.”

ಎಷ್ಟು ದಿನದ ರೊಟ್ಟಿಯ ದುಡಿಮೆ ಆ ಬೆಲ್ಲ, ಶೇಂಗಾದೊಳಗೆ ಹೋಗಿತ್ತೋ. ಹೆಸರು ಹೇಳಿದ್ದರೆ ನಾಲ್ಕು ಮನೆಗೆ ಮುಗಿಯುತ್ತಿದ್ದುದನ್ನು ನನ್ನ ಜಾಣತನ ಇಡೀ ಓಣಿಗೆ ಹಬ್ಬಿಸಿತ್ತು. ಎರಡೂ ಕೈಯಿಂದ ತಾಟು ಇಸಿದುಕೊಂಡು ಒಳಗೆ ಹೋಗಿ ಹೋಳಿಗೆ ಬೇರೆ ಪಾತ್ರೆಗೆ ಹಾಕಿದೆ.

ತಾಟನ್ನು ಖಾಲಿ ಮರಳಿಸುವ ರೂಢಿ ನಮ್ಮಲ್ಲಿಲ್ಲ. ಕಪಾಟಿನಲ್ಲಿ ಅಕ್ಕಿಯಿತ್ತು, ತುಪ್ಪವಿತ್ತು, ಅತ್ತೆಗೆ ಆಗುವಂಥ ಹೊಸ ಚಾದರವೂ ಇತ್ತು. ಕೈ ಅತ್ತ ಚಾಚಿತು. ಹಿಂದಕ್ಕೆ ತೆಗೆದುಕೊಂಡು ಬಾಗಿಲಿಗೆ ಬಂದೆ.

“ತಾಟಿನ್ಯಾಗ ಏನ್ ಹಾಕಿ ಕೊಡ್ಲಿ?” ಎಂದು ಕೇಳಿದೆ.

“ಒಂದ ಚಿಮಟಿ ಸಕ್ರಿ ಹಾಕ್ರಿ, ಸಾಕು,” ಎಂದಳು.

ಒಂದು ಚಿಟಿಕೆ ಸಕ್ಕರೆ ಹಾಕಿ ಕೊಟ್ಟೆ. ತಗೊಂಡು ಹೋದಳು.